ಎಡಕ್ಕೆ ತಿರುಗದ ಕಾರು

ಮೋಮಿನಪುರ, ಕಲಬುರಗಿ
೯ ಆಗಸ್ಟ್ ೨೦೦೭, ಗುರುವಾರ

ಪ್ರೀತಿಯ ತಂಗಿ ಮುನೀರಾಗೆ ನಿನ್ನ ಲತೀಫಾ ಆಪಾಳ ಸಲಾಂ.

ಹೇಗಿದ್ದೀ? ಊಟ ಸರಿಯಾಗಿ ಸೇರುತ್ತದೆಯೇ? ಜೂನಿನಲ್ಲಿ ನಿನಗೆ ಜ್ವರ ಅಂತ ಕಮಲಾಪುರದಿಂದ ಹೇಳಿ ಕಳಿಸಿದ್ದರು, ಆ ಜ್ವರ ಪೂರ್ತಿ ಬಿಟ್ಟಿತೇ? ಹೋದ ತಿಂಗಳು ನೀನು ಬಂದಾಗ ಮದುವೆಯ ಬಳೆಗಳು ಮೊಣಕೈತನಕ ಜಾರಿ ಹೋಗುತ್ತಿದ್ದವು. ಅಮ್ಮಿ ನೋಡಿದಳು, ಒಳಗೆ ಹೋಗಿ ನಿನ್ನ ತಾಟಿಗೆ ಇನ್ನೊಂದು ಚಮಚ ತುಪ್ಪ ಸುರಿದಳು. ನಿನ್ನ ಅತ್ತೆಯವರಿಗೂ ನಿನ್ನ ಮನೆಯವರು ಲಾಲ್ ಅಹ್ಮದ್ ಅವರಿಗೂ ನಮ್ಮೆಲ್ಲರ ಸಲಾಂ ಹೇಳು. ಶ್ರಾವಣ ಹತ್ತಿರ ಬಂತು, ಕೆಂಪು ಬಾಳೆಹಣ್ಣಿಗೆ ಗಿರಾಕಿ ಜೋರಿರಬೇಕು, ಅವರ ವಖಾರಿಗೆ ಗೊನೆಗಳು ಬಂದು ಇಳಿಯುತ್ತಿರಬೇಕು. ಇಲ್ಲಿ ಅಮ್ಮಿಗೆ ಮೊಣಕಾಲು ನೋವು, ಮಳೆ ಹಿಡಿದರೆ ಗೋಡೆ ಹಿಡಿದೇ ನಡೆಯುತ್ತಾಳೆ. ನನ್ನದೇನಿದೆ, ಬೆಳಿಗ್ಗೆ ಹೊಲಿಗೆ ಮಷಿನ್ನು, ಸಂಜೆ ಕೂಲಿಕಾರರ ಸಂಘದ ಕಚೇರಿ, ನಡುವೆ ಯಾರ ಜೊತೆಗಾದರೂ ಜಗಳ. ಕಾಗದ ಕನ್ನಡದಲ್ಲಿ ಬರೆದಿದ್ದೇನೆ ಅಂತ ನಗಬೇಡ. ಸಂಘದ ಕರಪತ್ರ ಬರೆದೂ ಬರೆದೂ ನನ್ನ ಉರ್ದು ಅಕ್ಷರಕ್ಕೆ ತುಕ್ಕು ಹಿಡಿದಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಬುರ್ಹಾನ್ ಭಾಯಿ ಮನೆಯಲ್ಲಿ ಒಂದು ಪಂಚಾಯ್ತಿ ತಂದಿಟ್ಟಿದ್ದಾನೆ. ಆಟದ ಕಂಪ್ಯೂಟರಿಗೆ ಹೊಸ ಸಾಮಾನು ಹಾಕಿಸಬೇಕೋ, ಇಲ್ಲ ಅದನ್ನು ಮೂಲೆಗೆ ಸರಿಸಿ ಟೀವಿಗೆ ಹಚ್ಚುವ ಪ್ಲೇಸ್ಟೇಶನ್ ತರಬೇಕೋ, ಇದು ಕೇಸು. ನನ್ನಂಥವಳು ಇದರ ಬಗ್ಗೆ ಪುಟಗಟ್ಟಲೆ ಬರೆಯುವ ಕಾಲ ಬಂತಲ್ಲ ಅಂತ ಸಂಘದ ಹಣಮಂತರಾಯರು ನಗುತ್ತಾರೆ. "ಲತೀಫಾಬಾಯಿ, ಕ್ರಾಂತಿ ಬಿಟ್ಟು ಗೇಮು ಹಿಡಿದ್ರೇನ್ರೀ?" ಅಂತಾರೆ. ನಗಲಿ. ಒಂದು ಕೈ ಇಲ್ಲದ ಹುಡುಗ ಯಾವ ಯಂತ್ರದ ಮುಂದೆ ಕೂತುಕೊಳ್ಳಬೇಕು ಅನ್ನುವುದು ನನಗೆ ಕೂಲಿಯ ಪ್ರಶ್ನೆಗಿಂತ ಸಣ್ಣದಾಗಿ ಕಾಣುವುದಿಲ್ಲ. ಆ ಕೈ ತಿಂದದ್ದೂ ಒಂದು ಯಂತ್ರವೇ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಾಳೆ ಅಂತ ಬೈಯಬೇಡ. ನನಗೆ ಸಿಟ್ಟು ಬಂದರೆ ಮೊದಲಿನಿಂದ ಹೇಳದೆ ಸಮಾಧಾನವಿಲ್ಲ. ದಾಲ್ ಮಿಲ್ಲಿನ ಬೆಲ್ಟಿಗೆ ಒಂದು ಜಾಳಿಗೆ ಹಾಕಿಸಿದ್ದರೆ ಅವನ ಎಡಗೈ ಇವತ್ತಿಗೂ ಮಣಿಕಟ್ಟಿನ ಮುಂದೆ ಇರುತ್ತಿತ್ತು. ಮಾಲೀಕ ಏನಂದ? "ಹುಡುಗನ ಧ್ಯಾನ ಎಲ್ಲೋ ಇತ್ತು, ತಾನೇ ಜಾರಿ ಕೈ ಕೊಟ್ಟ." ಆಮೇಲೆ ಮನೆಗೆ ಒಂದು ಚೀಲ ತೊಗರಿಬೇಳೆ ಕಳಿಸಿದ. ಕೈಗೆ ಬೇಳೆ! ಅಮ್ಮಿ ಪಾಪ, ಮನೆಗೆ ಬಂದ ಅನ್ನವನ್ನು ಹಿಂದೆ ಕಳಿಸಬಾರದು ಅಂತ ಡಬ್ಬಿ ಹುಡುಕುತ್ತಿದ್ದಳು. ನಾನು ಆ ಚೀಲವನ್ನು ತಳ್ಳುಗಾಡಿಗೆ ಹಾಕಿಕೊಂಡು ಹೋಗಿ ಮಿಲ್ಲಿನ ಗೇಟಿನ ಮುಂದೆ ಸುರುವಿದೆ. ನೀನು ನನ್ನ ಹಿಂದೆ ಹಿಂದೆ ಓಡಿ ಬಂದು, "ಆಪಾ, ಚೀಲ ಆದ್ರೂ ತೊಗೊಂಡು ಹೋಗೋಣ, ಚಲೋ ಅದ" ಅಂದಿದ್ದಿ. ಅಷ್ಟು ಸಂಕಟದಲ್ಲಿಯೂ ನಾನು ನಕ್ಕಿದ್ದೆ. ಆಮೇಲೆ ಡಿ.ಸಿ. ಆಫೀಸಿನ ಮುಂದೆ ಕೂತೆವು, ಬಿಸಿಲಿನಲ್ಲಿ ಬೆಂದೆವು, ಪೊಲೀಸರ ಬಾಯಿಂದ ಬರಬಾರದ ಮಾತೆಲ್ಲ ಕೇಳಿದೆವು, ಪರಿಹಾರ ತಂದೆವು. ಭಿಕ್ಷೆಯಲ್ಲ, ಪರಿಹಾರ.

ಆ ರೊಕ್ಕದಲ್ಲಿ ಬುರ್ಹಾನ್ ಕಂಪ್ಯೂಟರ್ ತಂದಾಗ ಗಲ್ಲಿಗೆ ಗಲ್ಲಿಯೇ ತಿರುಗಿಬಿತ್ತು. "ಕೈ ಮಾರಿ ಆಟದ ಸಾಮಾನ ತಂದಾನ" ಅಂದರು. ಆಡು ಸಾಕಬೇಕಿತ್ತಂತೆ, ಪಾನ್ ಡಬ್ಬಿ ಹಾಕಬೇಕಿತ್ತಂತೆ, ದರ್ಗಾದ ಮುಂದೆ ಅಗರಬತ್ತಿ ಮಾರಬೇಕಿತ್ತಂತೆ. ಉಳ್ಳವರ ಮಕ್ಕಳು ಇಡೀ ದಿನ ಆಡಿದರೆ ಅದು ಬುದ್ಧಿ ಬೆಳೆಯುವ ದಾರಿ. ನಮ್ಮ ಹುಡುಗ ಕೈ ಕಳಕೊಂಡು, ಮೂರು ತಿಂಗಳು ಗೋಡೆ ನೋಡಿ ಮಲಗಿ, ಒಂದು ಸಲ ಎದ್ದು ಆಡುತ್ತೇನೆ ಅಂದರೆ ಅದು ಮಸ್ತಿ. ಬಡವನಿಗೆ ದುಡಿಯುವುದಕ್ಕಷ್ಟೇ ಕೈ ಕೊಟ್ಟಿದ್ದಾರಾ? ನಾನು ಆ ದಿನ ಗಲ್ಲಿಯ ನಡುವೆ ನಿಂತು ಹೇಳಿದ್ದೆ, ಇವನು ಆಡುತ್ತಾನೆ, ಯಾರಿಗೆ ಉರಿಯುತ್ತದೋ ಅವರು ನಲ್ಲಿಯ ಕೆಳಗೆ ಹೋಗಿ ಕೂತುಕೊಳ್ಳಿ ಅಂತ. ನಲ್ಲಿಯಲ್ಲಿ ನೀರು ಬಂದು ಎಂಟು ದಿನವಾಗಿತ್ತು, ಅದು ಬೇರೆ ಮಾತು.

ಆದರೆ ಅವನಿಗೆ ಆಡಲು ಆಗಿದ್ದು ನನ್ನ ಭಾಷಣದಿಂದಲ್ಲ, ನಿನ್ನಿಂದ. ಓಡುವ ಆಟಕ್ಕೆ ಎರಡು ಕೈ ಬೇಕು ಅಂತ ಗೊತ್ತಾದ ದಿನ ಅವನು ಮೌಸು ಎತ್ತಿ ಎಸೆಯಲಿದ್ದ. ನೀನು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ಅವನ ಎಡಕ್ಕೆ ಕೂತೆ. "ಸರಿ ಭಾಯಿ, ಆ ಕಡೆ ನೀನು, ಈ ಕಡೆ ನಾನು." ಅಷ್ಟೇ ಅಂದದ್ದು. ಅವನ ಬಲಗೈ ಮೌಸಿನ ಮೇಲೆ, ನಿನ್ನ ಎಡಗೈ ಕೀಲಿಮಣೆಯ ಮೇಲೆ, ಒಬ್ಬರ ಭುಜಕ್ಕೆ ಒಬ್ಬರು ಒತ್ತಿ ಕೂತು ಜಗಳಾಡುತ್ತ ಆಡಿದಿರಿ. "ಹೊರಳೇ ಮುನ್ನಿ, ಹೊರಳೇ!" "ಗುಂಡು ಹೊಡಿಯೋ, ಮುಖ ಏನ್ ನೋಡ್ತಿ!" ಕೀಲಿಮಣೆಯ ಸಂದಿಯಲ್ಲಿ ಇವತ್ತಿಗೂ ಜೋಳದ ಹಿಟ್ಟು ಅದೆ. ಸ್ವಲ್ಪ ದಿನಕ್ಕೆ ಜಗಳವೂ ನಿಂತಿತು, ಮಾತೇ ಇಲ್ಲದೆ ಆಡುತ್ತಿದ್ದಿರಿ. ಅವನು ಮನಸ್ಸಿನಲ್ಲಿ ಎಡಕ್ಕೆ ಅಂದುಕೊಂಡರೆ ನಿನ್ನ ಬೆರಳು ಎಡಕ್ಕೆ ಹೋಗುತ್ತಿತ್ತು. ನಾನು ಹೊಲಿಗೆ ಮಷಿನ್ನಿನ ಮುಂದೆ ಕೂತು ಆ ಎರಡು ಬೆನ್ನು ನೋಡುತ್ತಿದ್ದೆ. ಆಮೇಲೆ ನಿನಗೆ ಗಂಡು ಗೊತ್ತಾಯಿತು. ನಾನು ಬೇಡ ಅಂದೆ, ಇನ್ನೂ ಓದಲಿ ಅಂದೆ, ಅಮ್ಮಿ ತನ್ನ ವಯಸ್ಸು ಹೇಳಿ ಅತ್ತಳು. ನೀನು ಹೋದ ಮೇಲೆ ಬುರ್ಹಾನ್ ಕಂಪ್ಯೂಟರಿನ ಮೇಲೆ ಹಾಸಿಗೆ ಚಾದರ ಹೊದಿಸಿದ. ಅಮ್ಮಿ ಅದರ ಮೇಲೆ ಒಣಗಿದ ಬಟ್ಟೆ ಮಡಚಿ ಇಡಲು ಶುರು ಮಾಡಿದಳು.

ಖೂಬಾ ಪ್ಲಾಟಿನ ಕಂಪ್ಯೂಟರ್ ಅಂಗಡಿಯ ಬಂಡು ನೆನಪಿದ್ದಾನಲ್ಲ, ನಮಗೆ ಆ ಮಷಿನ್ನು ಜೋಡಿಸಿ ಕೊಟ್ಟವನು. ಒಳ್ಳೆಯ ಹುಡುಗ. ಅವನ ತಾಯಿ ಅನಸೂಯಾಬಾಯಿ ನಮಗೆ ಚಹಾ ಕೊಡುವ ಲೋಟ ಬೇರೆ ಇಟ್ಟಿದ್ದಾರೆ, ನನಗೆ ಗೊತ್ತು, ಒಂದು ದಿನ ಅದನ್ನೂ ಕೇಳುತ್ತೇನೆ. ಮೇ ತಿಂಗಳಲ್ಲಿ ಬಂಡು ಮನೆಗೆ ಬಂದು ಚಾದರ ಸರಿಸಿ, ಡಬ್ಬಿ ಬಿಚ್ಚಿ, ಊದಿ ಧೂಳು ತೆಗೆದ. ಈಗಿನ ಆಟ ಇದರಲ್ಲಿ ಓಡುವುದಿಲ್ಲವಂತೆ. ಗ್ರಾಫಿಕ್ಸ್ ಕಾರ್ಡು ಹೊಸದು, ರ್‍ಯಾಮು ಇನ್ನಷ್ಟು, ಹೆಬ್ಬೆರಳ ಹತ್ತಿರ ಗುಂಡಿಗಳಿರುವ ಒಂದು ಮೌಸು, ಇಷ್ಟು ಹಾಕಿಸಿದರೆ ಬುರ್ಹಾನ್ ಒಂದೇ ಕೈಯಲ್ಲಿ ಆಡಬಹುದಂತೆ. ಊರು ಕಟ್ಟುವುದು, ದಂಡು ಕಳಿಸುವುದು, ಅಂಥ ಆಟ. "ಒಬ್ಬನೇ ಕೂತು ರಾಜ್ಯ ಆಳು ದೋಸ್ತ, ಯಾರ ಹಂಗೂ ಬ್ಯಾಡ" ಅಂದ. ಇನ್ನೊಂದು ದಾರಿ ಪ್ಲೇಸ್ಟೇಶನ್. ಹೈದರಾಬಾದಿನಿಂದ ಯಾರೋ ಆಡಿ ಬಿಟ್ಟದ್ದು ತರಿಸಿಕೊಡುತ್ತೇನೆ ಅಂದ. ಆದರೆ ಅದರ ರಿಮೋಟು ನೀನು ನೋಡಿದ್ದೀಯಲ್ಲ, ಎರಡೂ ಕೈಯಿಂದ ಹಿಡಿಯಬೇಕಾದದ್ದು. ಕಾರಿನ ಆಟವಾದರೆ ಎಡಗೈ ಹೆಬ್ಬೆರಳಿನಲ್ಲಿ ಗಾಡಿ ಹೊರಳಿಸಬೇಕು, ಬಲಗೈಯಲ್ಲಿ ಓಟ ಮತ್ತು ಬ್ರೇಕು. ಒಂದು ಕೈಯವನಿಗೆ ಅದು ಕಲ್ಲು.

ಬುರ್ಹಾನ್ ತಟ್ಟನೆ ಪ್ಲೇಸ್ಟೇಶನ್ನೇ ಬೇಕು ಅಂದ. ನನ್ನ ಪಿತ್ತ ನೆತ್ತಿಗೇರಿತು. "ಒಂದ ಕೈಲೆ ಆಡೋದು ಬಿಟ್ಟು ಎರಡ ಕೈಯವರ ಸಾಮಾನು ನಿನಗ್ಯಾಕೋ?" ಅಂದೆ. ಅವನು ನಕ್ಕ, ಬಹಳ ದಿನದ ಮೇಲೆ ನಕ್ಕ. "ನಂದು ಎರಡನೇ ಕೈ ಕಮಲಾಪುರದಾಗ ಅದ ಆಪಾ. ಜುಮ್ಮಾಗಿಗೆ ಬರ್ತದ." ಮದುವೆಯಾದ ಮೇಲೆ ಐದು ಶುಕ್ರವಾರ ಮಗಳನ್ನೂ ಅಳಿಯನನ್ನೂ ತವರಿಗೆ ಕರೆಸಿ ಉಣ್ಣಿಸುವ ಈ ಜುಮ್ಮಾಗಿಯ ಪದ್ಧತಿಯನ್ನು ನಾನು ಯಾವಾಗಲೂ ಬೈದವಳು. ಇದ್ದವರು ಮೆರೆಯಲಿಕ್ಕೆ, ಇಲ್ಲದವರು ಸಾಲ ಮಾಡಲಿಕ್ಕೆ ಅಂತ ಅಮ್ಮಿಯ ಜೊತೆ ಎಷ್ಟು ಸಲ ಜಗಳ ತೆಗೆದಿಲ್ಲ! ಮೂರು ಜುಮ್ಮಾಗಿ ಮುಗಿದಿದ್ದವು. ನಾಲ್ಕನೆಯದಕ್ಕೆ ಜೂನಿನಲ್ಲಿ ನೀವು ಬರಬೇಕಿತ್ತು, ನಿನಗೆ ಜ್ವರ ಅಂದರು. ಬುರ್ಹಾನ್ ಅದಕ್ಕೂ ಕಾದ. ಅಷ್ಟರಲ್ಲಿ ಬಂಡು ಹೈದರಾಬಾದಿನಿಂದ ಡಬ್ಬಿ ತರಿಸಿ ಅಂಗಡಿಯಲ್ಲಿಟ್ಟ. ಇಬ್ಬರೂ ಒಮ್ಮೆ ಆಡಿ ನೋಡಿ, ಸರಿ ಬಂದರೆ ಒಯ್ಯಿರಿ ಅಂದ.

ನಾಲ್ಕನೇ ಜುಮ್ಮಾಗಿ ನಡೆದ ಜುಲೈನ ಆ ಶುಕ್ರವಾರ ನಿನಗೆ ನೆನಪಿದೆ, ಆದರೂ ಬರೆಯುತ್ತೇನೆ. ಲಾಲ್ ಅಹ್ಮದ್ ಅವರು ನಮಾಜಿಗೆ ಹೊರಟರು, ಅಲ್ಲಿಂದ ಹಾಗೇ ಹಣ್ಣಿನ ಮಾರ್ಕೆಟ್ಟಿಗೆ ಹೋಗಿ ಬರುತ್ತೇನೆ ಅಂದರು. ಆಟೋದಲ್ಲಿ ನಾವು ಮೂವರು ಖೂಬಾ ಪ್ಲಾಟಿಗೆ ಹೋದೆವು. ದಾರಿಯುದ್ದಕ್ಕೂ ಬುರ್ಹಾನ್ ಎಳೆಯ ಮಗುವಿನ ಹಾಗೆ ಮಾತಾಡಿದ. ಅಂಗಡಿಯ ಬೆಂಚಿನ ಮೇಲೆ ನೀನು ಮೊದಲಿನ ಹಾಗೆ ಅವನ ಎಡಕ್ಕೆ ಕೂತೆ. ಒಂದೇ ರಿಮೋಟಿನ ಬಲ ಅರ್ಧ ಅವನು ಹಿಡಿದ, ಎಡ ಅರ್ಧ ನೀನು. ಕೆಂಪು ಕಾರು. ಬಲಕ್ಕೆ ತಿರುವು ಬಂದರೆ ಹಾಯಾಗಿ ಹೊರಳುತ್ತಿತ್ತು, ಎಡಕ್ಕೆ ತಿರುವು ಬಂತೋ, ಸೀದಾ ಹೋಗಿ ಗೋಡೆಗೆ. ಮತ್ತೆ ಶುರು, ಮತ್ತೆ ಗೋಡೆಗೆ. "ಹೊರಳೇ ಮುನ್ನಿ!" ಅಂದ ಬುರ್ಹಾನ್. ನೀನು ನಗುತ್ತಿದ್ದಿ. "ಲಗ್ನ ಆದಮ್ಯಾಲೆ ಆಟ ಮರ್ತೀನಿ ಭಾಯಿ" ಅಂದೆ. ಬಂಡುಗೆ ನಾಚಿಕೆಯಾಯಿತು, ಹಳೆಯ ಮಾಲು ಕೊಟ್ಟು ಸಿಕ್ಕಿಬಿದ್ದ ಹಾಗೆ ಕೆಂಪಗಾದ. "ರಿಮೋಟಿಂದು ತಪ್ಪು ಅಕ್ಕಾ, ನಿಮ್ದಲ್ಲ" ಅಂತ ಎರಡನೆಯದು ಕೊಟ್ಟ. ಅದರಲ್ಲಿಯೂ ಹಾಗೇ. ಮೂರನೇ ಸಲ ಗೋಡೆ ಹತ್ತಿರ ಬಂದಾಗ ಬುರ್ಹಾನ್ ಬ್ರೇಕು ಒತ್ತಿದ. ಒತ್ತಿದವನು ಬೆರಳು ತೆಗೆಯಲೇ ಇಲ್ಲ. ಕಾರು ರಸ್ತೆಯ ನಡುವೆ ನಿಂತಿತು, ಉಳಿದ ಕಾರುಗಳೆಲ್ಲ ಸುಂಯ್ ಅಂತ ದಾಟಿ ಹೋದವು. "ಬಿಡೋ, ಸೋಲ್ತೀವಿ!" ಅಂದೆ ನೀನು. ಅವನು ಪರದೆ ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದ. ಆಟ ಮುಗಿಯಿತು ಅಂತ ಪರದೆಯ ಮೇಲೆ ಬರುವತನಕ ಹಾಗೇ ಕೂತಿದ್ದ.

ಮಾರನೇ ದಿನ ಬಂಡು ಫೋನು ಮಾಡಿದ. ಎರಡೂ ರಿಮೋಟು ಬಿಚ್ಚಿ ನೋಡಿದನಂತೆ, ತಾನೇ ಕೂತು ಆಡಿದನಂತೆ, ಯಾವುದಕ್ಕೂ ಏನೂ ಆಗಿಲ್ಲವಂತೆ. "ಒಯ್ತೀರೇನ್ರೀ?" ಅಂದ. ಬುರ್ಹಾನ್ ಫೋನು ಕಸಿದುಕೊಂಡು, ಬ್ಯಾಡ, ಕಂಪ್ಯೂಟರಿಗೇ ಸಾಮಾನು ಹಾಕು ಅಂದ. ಎರಡು ದಿನಕ್ಕೆ ಅದೂ ಬೇಡ ಅಂದ. ಚಾದರ ಮತ್ತೆ ಕಂಪ್ಯೂಟರಿನ ಮೇಲೆ. ಅಮ್ಮಿ, "ಕೈಕು ರೇ ಬೇಟಾ, ಯಾಕ ಬ್ಯಾಡ, ಅಷ್ಟು ಆಸೆ ಮಾಡಿದ್ದಿಯಲ್ಲಾ" ಅಂತ ತಲೆ ಸವರಿದರೆ ಎದ್ದು ಹೊರಗೆ ಹೋದ. ಹೀಗಿದೆ ನೋಡು ಕೇಸು. ಒಬ್ಬನೇ ಆಡುವ ಯಂತ್ರವೋ, ಇಬ್ಬರು ಆಡುವ ಯಂತ್ರವೋ, ನಿನ್ನ ತೀರ್ಪು ಬರಲಿ. ಇದಿಷ್ಟಕ್ಕೆ ಮೂರು ಹಾಳೆ ಬರೆದೆನಾ ಅಂತ ಬೇಸರವಾದರೆ ಮಡಚಿ ಇಡು, ಬಿಡುವಾದಾಗ ಓದಿಕೋ. ಮಳೆಯಲ್ಲಿ ನೆನೆಯಬೇಡ, ಬಿಸಿಯದನ್ನು ಉಣ್ಣು. ಮನೆಯ ಹಿರಿಯರಿಗೆ ಅಮ್ಮಿಯ ದುವಾ. ನಿನ್ನ ತಲೆಯ ಮೇಲೆ ನನ್ನ ಕೈ ಯಾವಾಗಲೂ ಇದೆ ಅಂತ ತಿಳಿ.

ನಿನ್ನ ಆಪಾ,
ಲತೀಫಾ

ತಾ.ಕ.: ಇಲ್ಲಿಂದ ಮುಂದೆ ಒಬ್ಬಳೇ ಇರುವಾಗ ಓದು. ಈ ಕಾಗದ ಒಯ್ಯುವ ಸಕ್ಕೂಬಾಯಿ ಬಾಳೆಹಣ್ಣು ಮಾರಿ ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, "ಕಮಲಾಪುರದ ಬಸ್ಸು ಹೋಗ್ತದ್ರೀ ಅಕ್ಕಾ, ಲಗೂನ ಬರೀರಿ" ಅಂತಿದ್ದಾಳೆ. ನನ್ನ ಉರ್ದುವಿಗೆ ತುಕ್ಕೂ ಹಿಡಿದಿಲ್ಲ, ಏನೂ ಆಗಿಲ್ಲ. ಆ ಮನೆಯಲ್ಲಿ ನಿನ್ನ ಕಾಗದವನ್ನು ನಿನಗಿಂತ ಮೊದಲು ಓದುವವರಿದ್ದಾರೆ. ಅವರು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಬೇಕು, ಕಂಪ್ಯೂಟರಿನ ಪುರಾಣಕ್ಕೆ ಬೇಸತ್ತು ಇಲ್ಲಿಗೆ ಬರುವ ಮೊದಲೇ ಎಸೆದಿರುತ್ತಾರೆ.

ಮುನ್ನಿ, ಎಡಕ್ಕೆ ಹೊರಳದೆ ಇದ್ದದ್ದು ಕಾರಲ್ಲ, ನಿನ್ನ ಹೆಬ್ಬೆರಳು. ನಾನು ಪರದೆ ನೋಡುತ್ತಿದ್ದೆ, ಬುರ್ಹಾನ್ ನಿನ್ನ ಕೈ ನೋಡುತ್ತಿದ್ದ. ಇಷ್ಟು ದಿನ ನುಂಗಿಕೊಂಡು ನಿನ್ನೆ ಹೇಳಿದ. "ಮುರಿದ ಎಲುಬು ಹೆಂಗರ ಕೂಡಿದ್ರ ಹಂಗ ಆಗ್ತದ ಆಪಾ. ದವಾಖಾನಿಯಾಗ ನನ್ನ ಬಾಜೂ ಕಾಟಿನವಂದು ನೋಡೀನಿ." ಇವತ್ತು ಸಕ್ಕೂಬಾಯಿಯನ್ನು ಕೂಡಿಸಿ ಕೇಳಿದೆ. ಜೂನಿನಲ್ಲಿ ನಿಮ್ಮ ವಖಾರಿಯಿಂದ ಹಣ್ಣು ಒಯ್ಯಲು ಬಂದಾಗ ನಿನ್ನ ಎಡಗೈಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿತ್ತಂತೆ. ಜ್ವರಕ್ಕೆ ಯಾರಾದರೂ ಕೈಗೆ ಬಟ್ಟೆ ಕಟ್ಟುತ್ತಾರಾ? ಯಾರು ತಿರುವಿದರು ಅಂತ ನಾನು ಕಾಗದದಲ್ಲಿ ಕೇಳುವುದಿಲ್ಲ. ಜಾರಿ ಬಿದ್ದೆ ಅಂತ ನೀನೂ ಹೇಳಬೇಡ. ಆ ಮಾತನ್ನು ಮಿಲ್ಲಿನ ಮಾಲೀಕನ ಬಾಯಿಂದ ಒಮ್ಮೆ ಕೇಳಿದ್ದೇನೆ.

ಐದನೇ ಜುಮ್ಮಾಗಿ ಬಾಕಿ ಅದೆ. ರಂಜಾನಿಗೆ ಮೊದಲು ಮುಗಿಯಬೇಕು, ಅದಕ್ಕೆ ಇಲ್ಲ ಅನ್ನುವ ಗಂಡನ ಮನೆ ಈ ಜಿಲ್ಲೆಯಲ್ಲಿ ಇಲ್ಲ, ಹಾಗೆ ಅಂದವರು ಜಮಾತಿನಲ್ಲಿ ತಲೆ ತಗ್ಗಿಸಬೇಕು. ದಂಡದ ಖರ್ಚು ಅಂತ ನಾನು ಬೈದ ಪದ್ಧತಿ. ಯಾವ ಹಳೆಯ ಕಾಲದ ಮುದುಕಿ ಹುಟ್ಟಿಸಿದಳೋ, ಕೊಟ್ಟ ಮಗಳನ್ನು ಐದು ಸಲ ಕರೆಸಿ ಬೆಳಕಿನಲ್ಲಿ ಕೂಡಿಸಿ ಮೈಕೈ ನೋಡಿರಿ ಅಂತಲೇ ಹುಟ್ಟಿಸಿರಬೇಕು. ನಾವು ನಾಲ್ಕು ಸಲ ಬಿರಿಯಾನಿ ನೋಡಿದೆವು, ಮಗಳನ್ನು ನೋಡಲಿಲ್ಲ. ಮುಂದಿನ ಶುಕ್ರವಾರ, ಹದಿನೇಳನೇ ತಾರೀಕು ಬೆಳಿಗ್ಗೆ, ಅಮ್ಮಿ ಮತ್ತು ನಾನು ಬರುತ್ತೇವೆ. ಅಮ್ಮಿಗೆ ಎಲ್ಲ ಹೇಳಿದ್ದೇನೆ. ಅಳಲಿಲ್ಲ. ಎದ್ದು ಬುರ್ಖಾ ಒಗೆದು ಒಣಹಾಕಿದಳು. ಅವಳು ಮಿಠಾಯಿ ಹಿಡಿದು ಬಾಗಿಲಿಗೆ ನಿಂತರೆ ನಿನ್ನ ಅತ್ತೆ ಒಳಗೆ ಕರೆಯಲೇಬೇಕು, ನಿನ್ನನ್ನು ಕಳಿಸಲೇಬೇಕು. ನಿನ್ನ ಓದಿನ ಸರ್ಟಿಫಿಕೇಟು ಬಟ್ಟೆಯ ನಡುವೆ ಇಟ್ಟುಕೋ. ಶನಿವಾರ ಎಲುಬಿನ ಡಾಕ್ಟರ ಹತ್ತಿರ ಹೋಗುತ್ತೇವೆ. ಆಮೇಲಿನದು ನೀನು ಹೇಳಿದ ಹಾಗೆ. ತಿರುಗಿ ಹೋಗುತ್ತೇನೆ ಅಂದರೆ ಹಲ್ಲು ಕಚ್ಚಿಕೊಂಡು ನಾನೇ ಬಸ್ಸಿಗೆ ಕೂಡಿಸುತ್ತೇನೆ. ಆದರೆ ಆ ಮಾತು ನಮ್ಮ ಮನೆಯಲ್ಲಿ ಕೂತು, ನಿನ್ನ ಬಾಯಿಂದ ಬರಬೇಕು, ಯಾರೂ ಬಾಗಿಲಲ್ಲಿ ನಿಂತಿರಬಾರದು.

ಕೇಸು ಮುಗಿಯಿತು. ಕಂಪ್ಯೂಟರಿಗೆ ಸಾಮಾನೂ ಬೇಡ, ಪ್ಲೇಸ್ಟೇಶನ್ನೂ ಬೇಡ, ಅದಕ್ಕೆ ಇಟ್ಟ ರೊಕ್ಕ ಮುನ್ನಿಯ ಕೈಯ ಔಷಧಕ್ಕೆ ಅಂತ ಬುರ್ಹಾನ್ ತಾನೇ ತೀರ್ಪು ಕೊಟ್ಟಿದ್ದಾನೆ. ಸಕ್ಕೂಬಾಯಿ ಬೈಯುತ್ತಿದ್ದಾಳೆ, ಮಡಚುತ್ತೇನೆ. ಅವನು ನನ್ನ ಭುಜದ ಹಿಂದೆ ನಿಂತು ಇದೊಂದು ಸೇರಿಸು ಅಂತಾನೆ, ಅವನ ಮಾತಿನಲ್ಲೇ ಬರೆಯುತ್ತೇನೆ: "ಗಾಡಿ ಎಡಕ್ಕ ಹೊರಳಲಿಲ್ಲಂದ್ರ ಹೆದರಬ್ಯಾಡ ಅನ್ನು ಅಕಿಗೆ. ಬ್ರೇಕು ನನ್ನ ಕಡೆ ಅದ."